ನದಾಫ ಸರ್ ಅವರ ಪಾಟೀಸವಾಲು

ಆ ಜನವರಿಯಲ್ಲಿ ಪ್ರೊಫೆಸರ್ ಸಲಾವುದ್ದೀನ ನದಾಫರಿಗೆ ಹದಿನೈದು ದಿನಗಳ ಅಂತರದಲ್ಲಿ ಎರಡು ಸನ್ಮಾನಗಳಾದವು. ಮೊದಲನೆಯದು ಬ್ಯಾಡಗಿಯ ಒಂದು ಕಲ್ಯಾಣಮಂಟಪದಲ್ಲಿ. ಅಲ್ಲಿ ವೇದಿಕೆಯ ಮೇಲೆ ಸ್ವಾಮಿಗಳು ಕೂತಿದ್ದರು, ವಚನ ಹಾಡಿದರು. ಎರಡನೆಯದು ರಾಣೆಬೆನ್ನೂರಿನ ಶಾದಿಮಹಲಿನಲ್ಲಿ. ಅಲ್ಲಿ ಮೌಲಾನಾ ಕೂತಿದ್ದರು, ಕುರ್‌ಆನ್ ಓದಿದರು. ಎರಡೂ ಕಡೆ ವಿಕಾಸವಾದವನ್ನು ಪ್ರಶ್ನಿಸಿದ ಅವರ ಅದೇ ಪುಸ್ತಕ, ಅದೇ ಭಾಷಣ, ಅಷ್ಟೇ ಜೋರಾದ ಚಪ್ಪಾಳೆ. ಎರಡೂ ಕಡೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಅಕ್ಬರಬಿಗೆ ಇದು ಹೇಗೆ ಸಾಧ್ಯವೆಂದು ತಿಳಿಯಲಿಲ್ಲ. ರಾಣೆಬೆನ್ನೂರಿನಿಂದ ಹಾವೇರಿಗೆ ಮರಳುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟಳು.

"ಅಲ್ರೀ, ಆ ಮಂದಿಗೂ ಈ ಮಂದಿಗೂ ಬ್ಯಾರೆ ಯಾವ ಮಾತಿಗೂ ಕೂಡಂಗಿಲ್ಲ. ನಿಮ್ಮ ಮಾತಿಗಷ್ಟ ಇಬ್ರೂ ಹೌದ್ ಹೌದ್ ಅಂತಾರ. ಅದು ಹ್ಯಾಂಗ?"

"ಖರೇ ಮಾತಿಗೆ ಜಾತಿ ಇಲ್ಲ."

"ಹಂಗಾರ ಮಂಗ್ಯಾನಿಂದ ಮನಷ್ಯಾ ಆಗಿಲ್ಲ ಅನ್ನೂದು ಖರೇ ಅಂದಂಗಾತು."

"ನಾ ಹಂಗ ಎಲ್ಲಿ ಅಂದೇನಿ? ಆಗ್ಯಾನ ಅನ್ನೋರು ಅದನ್ನ ಸಾಬೀತ ಮಾಡಿಲ್ಲ ಅಂದೇನಿ. ಎರಡೂ ಬ್ಯಾರೆ ಬ್ಯಾರೆ."

ಆಗಿಲ್ಲ, ಸಾಬೀತಾಗಿಲ್ಲ. ಅಕ್ಬರಬಿ ಎರಡನ್ನೂ ಬಾಯೊಳಗೇ ಅಂದು ನೋಡಿದಳು. ಮೋಟೆಬೆನ್ನೂರು ದಾಟಿದರೂ ಎರಡೂ ಒಂದೇ ರುಚಿ ಹತ್ತಿದವು.

ಸಲಾವುದ್ದೀನ ಕರ್ಜಗಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರ ಮಗ. ಧಾರವಾಡದಲ್ಲಿ ಕಾನೂನು ಓದಿ, ಹಾವೇರಿ ಕೋರ್ಟಿನಲ್ಲಿ ಆರು ವರ್ಷ ಕರಿ ಕೋಟು ತೊಟ್ಟು, ಆಮೇಲೆ ಅದೇ ಊರಿನ ಒಂದು ಕಾನೂನು ಕಾಲೇಜು ಸೇರಿ ಇಪ್ಪತ್ತೆಂಟು ವರ್ಷ ಸಾಕ್ಷ್ಯದ ಕಾನೂನು ಕಲಿಸಿದವರು. ಅವರು ಪಾಟೀಸವಾಲು ಕಲಿಸುವ ತಾಸಿಗೆ ಬೇರೆ ವರ್ಗದ ಹುಡುಗರೂ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹೆ ಮಾಡಿದ್ದು ಯಾವುದು, ಇಷ್ಟು ಬೇರೆ ಮಾಡಲು ಬಂದರೆ ಎಂಥ ಸಾಕ್ಷಿಯನ್ನೂ ನೆಲಕ್ಕೆ ಹಾಕಬಹುದು ಎನ್ನುತ್ತಿದ್ದರು. ಅವರ ಕೈಯಲ್ಲಿ ಕಲಿತ ನಾಲ್ವರು ನ್ಯಾಯಾಧೀಶರಾಗಿದ್ದರು. ಆದರೆ ಪ್ರಿನ್ಸಿಪಾಲರ ಕುರ್ಚಿ ಮಾತ್ರ ಎರಡು ಸಲ ಅವರನ್ನು ಬಿಟ್ಟು ಕಿರಿಯರಿಗೆ ಹೋಯಿತು. ಮೇ ತಿಂಗಳಿಗೆ ನಿವೃತ್ತಿ.

ವಿಕಾಸವಾದದ ಗಂಟು ಬಿದ್ದದ್ದು ಐದು ವರ್ಷಗಳ ಹಿಂದೆ. ಮುಂಜಾನೆಯ ವಾಕಿಂಗ್ ಗೆಳೆಯ, ಪ್ರಾಣಿಶಾಸ್ತ್ರದ ಮನೋಹರ ಮಾಸ್ತರರು ಯಾವುದೋ ಮಾತಿನ ನಡುವೆ, "ಇದು ವಕೀಲರಿಗೆ ತಿಳಿಯೂ ವಿಷಯ ಅಲ್ಲ ಬಿಡ್ರಿ ನದಾಫ ಸರ್" ಎಂದುಬಿಟ್ಟರು. ಆ ಮಾತು ಮೈಗೆ ಹತ್ತಿತು. ಮರುದಿನದಿಂದ ವಾಕಿಂಗ್ ಬಿಟ್ಟರು, ಪುಸ್ತಕ ತರಿಸಿದರು, ಎರಡು ವರ್ಷ ಓದಿದರು. ಕೊನೆಗೆ 'ಕಟಕಟೆಯಲ್ಲಿ ವಿಕಾಸವಾದ' ಎಂಬ ಇನ್ನೂರು ಪುಟದ ಪುಸ್ತಕ ಬರೆದರು. ಇಡೀ ಸಿದ್ಧಾಂತವನ್ನು ಸಾಕ್ಷಿಯ ಹಾಗೆ ನಿಲ್ಲಿಸಿ ಪಾಟೀಸವಾಲು ಹಾಕಿದ್ದರು. ಕಾನೂನಿನ ಪುಸ್ತಕ ಮೂರು ಬರೆದಿದ್ದರೂ ಊರು ಓದಿರಲಿಲ್ಲ. ಇದನ್ನು ಓದದವರೂ ಕೈ ಮುಗಿದರು.

ಅದರ ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಹಾಕಿದವಳು ಸೊಸೆ ಸಾಜಿಯಾ. ಹಲಗೇರಿಯ ಹುಡುಗಿ, ಬಿ.ಎಸ್ಸಿ. ಓದಿದವಳು. ಹೆಣ್ಣು ನೋಡಲು ಹೋದಾಗ ಮಾವ ಹತ್ತು ಪ್ರಶ್ನೆ ಕೇಳಿದರೆ ತಿರುಗಿ ಹನ್ನೊಂದು ಕೇಳಿದವಳು. "ಈ ಹುಡುಗಿನ ನಮ್ಮ ಮನಿಗೆ ಬೇಕು" ಎಂದು ಪಟ್ಟು ಹಿಡಿದವರು ಸಲಾವುದ್ದೀನರೇ. ಮದುವೆಯಾದ ಮೇಲೆ ಬಿ.ಎಡ್. ಮಾಡಿಸಿದವರೂ ಅವರೇ. ಈಗ ಅವಳು ಬ್ಯಾಡಗಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಗಂಡ ಅಸ್ಲಮ್ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿದ್ದ. ಇಬ್ಬರೂ ಎಂಟರ ಬಸ್ಸಿಗೆ ಹೊರಡುವವರು. ಅಕ್ಬರಬಿ ಐದಕ್ಕೆದ್ದು ರೊಟ್ಟಿ ಬಡಿದು ಇಬ್ಬರ ಡಬ್ಬಿಗೂ ಕಟ್ಟುತ್ತಿದ್ದಳು.

ಫೆಬ್ರುವರಿಯ ಒಂದು ಸಂಜೆ ಸಾಜಿಯಾ ಬಂದವಳೇ ಬ್ಯಾಗು ಕುರ್ಚಿಯ ಮೇಲೆ ಒಗೆದಳು. ಹಾಗೆ ಒಗೆಯುವವಳಲ್ಲ. ಪುಂಡಿಪಲ್ಯ ಸೋಸುತ್ತಿದ್ದ ಅಕ್ಬರಬಿ ತಲೆ ಎತ್ತಿದಳು.

"ಏನಾತವಾ?"

"ಮಾಮಾ ಬಂದಾರೇನ್ರಿ?"

"ಒಳಗ ಪೇಪರ್ ಓದಾಕತ್ತಾರ."

ಸಾಜಿಯಾ ಒಳಗೆ ಹೋಗಿ ಒಂದು ಕಾಗದವನ್ನು ಮಾವನ ಪೇಪರಿನ ಮೇಲೆ ಇಟ್ಟಳು. ಶಾಲೆಯ ಆಡಳಿತ ಮಂಡಳಿ ಕೊಟ್ಟ ನೋಟೀಸು. ಹತ್ತನೆಯ ವರ್ಗದಲ್ಲಿ ಅನುವಂಶೀಯತೆಯ ಪಾಠ ನಡೆದಾಗ ಒಬ್ಬ ಹುಡುಗಿ ಎದ್ದು ನಿಂತು, ಜೀವಿಗಳು ಬದಲಾಗುತ್ತ ಬಂದವೆನ್ನುವುದು ಸುಳ್ಳಂತೆ, ಟೀಚರ ಮಾವನವರೇ ಪುಸ್ತಕ ಬರೆದಿದ್ದಾರಂತೆ, ನಮ್ಮ ಮನೆಯಲ್ಲಿದೆ ಎಂದಿದ್ದಳು. ಸಾಜಿಯಾ ಎರಡು ತಾಸು ತೆಗೆದುಕೊಂಡು ಜೀವವಿಕಾಸವನ್ನೇ ವಿವರಿಸಿದ್ದಳು. ಕೊನೆಗೆ, "ನಮ್ಮ ಮಾವನವರು ವಕೀಲರು. ಈ ವಿಷಯದಾಗ ನೀವು ನನ್ನ ಕೇಳ್ರಿ" ಎಂದೂ ಹೇಳಿದ್ದಳು. ಅದು ಮನೆಮನೆಗೆ ಹೋಗಿ ಬೇರೆ ಬೇರೆ ಬಣ್ಣ ಹತ್ತಿಸಿಕೊಂಡಿತು. ಟೆಂಪೊ ಓಡಿಸುವ ಮುಸ್ತಾಕ್ ಎಂಬ ಪಾಲಕ ಮೊದಲು ಸಹಿ ಹಾಕಿ ದೂರು ಕೊಟ್ಟ. ಅವನ ಸಹಿಯ ಕೆಳಗೆ ಎಲ್ಲ ಜಾತಿಯವರ ಸಹಿಗಳೂ ಇದ್ದವು. ಮಕ್ಕಳಿಗೆ ಪಠ್ಯದಲ್ಲಿಲ್ಲದ ಸುಳ್ಳು ಕಲಿಸಿ ದೇವರ ಮೇಲಿನ ನಂಬಿಕೆ ಕೆಡಿಸಿದ್ದಾರೆ ಎಂದು ಬರೆದಿತ್ತು. ಸಾಕ್ಷ್ಯಕ್ಕೆಂದು ಲಗತ್ತಿಸಿದ್ದು ಒಂದೇ ಒಂದು, ಪ್ರೊ. ಎಸ್. ಕೆ. ನದಾಫರ ಪುಸ್ತಕ.

ಸಲಾವುದ್ದೀನರು ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದು ಸರಿಯಾದ ಆರೋಪಪಟ್ಟಿನ ಅಲ್ಲ. ಯಾವ ನಿಯಮ ಮುರದೀದಿ ಅಂತ ಬರದಿಲ್ಲ."

"ಮಾಮಾ, ನಿಯಮ ಬಿಡ್ರಿ. ನಿಮ್ಮ ಪುಸ್ತಕ ಹಚ್ಯಾರ ಅದಕ್ಕ."

"ಪುಸ್ತಕದಾಗ ಎಲ್ಲಿ ನಾ ಅದು ಸುಳ್ಳು ಅಂದೇನಿ, ತೋರಿಸು."

"ನೀವು ಹೇಳಿದ್ದು ಬ್ಯಾರೆ, ಮಂದಿ ಕೇಳಿದ್ದು ಬ್ಯಾರೆ. ಕೇಳಿದ್ದು ಬ್ಯಾರೆ ಅಂತ ನಿಮಗೂ ಗೊತ್ತೈತಿ. ಗೊತ್ತಿದ್ದೂ ಸ್ಟೇಜ ಮ್ಯಾಲೆ ಕುಂತ್ರಿ."

"ನೀ ನನಗ ಪಾಟೀಸವಾಲು ಹಾಕಾಕತ್ತೀ ಏನು?"

"ಯಾರರೆ ಒಬ್ರು ಹಾಕಬೇಕಲ್ರಿ."

ಅಕ್ಬರಬಿ ಎದ್ದು ಚಹಾಕ್ಕೆ ನೀರಿಟ್ಟಳು. ಹನ್ನೆರಡು ವರ್ಷಗಳಲ್ಲಿ ಈ ಮನೆಯಲ್ಲಿ ಇವರಿಬ್ಬರ ವಾದ ಕೇಳಿ ಕೇಳಿ ಅವಳಿಗೆ ರೂಢಿಯಾಗಿತ್ತು. ವಾದ ಮುಗಿದರೆ ಇಬ್ಬರೂ ನಗುತ್ತ ಚಹಾ ಕೇಳುವವರು. ಈ ಸಲ ಚಹಾ ಮಾಡಿಟ್ಟರೂ ಯಾರೂ ಬರಲಿಲ್ಲ.

ಅಂದಿನಿಂದ ಮನೆಯಲ್ಲಿ ಊಟ ಎರಡು ಸರದಿಯಾಯಿತು. ಸಲಾವುದ್ದೀನರು ಏಳೂವರೆಗೆ, ಸಾಜಿಯಾ ಎಂಟಕ್ಕೆ. ಅಸ್ಲಮ್ ಒಂದು ದಿನ ಅಪ್ಪನ ಜೊತೆ, ಒಂದು ದಿನ ಹೆಂಡತಿಯ ಜೊತೆ. ಅಕ್ಬರಬಿ ಎರಡು ಸಲ ಸಾರು ಬಿಸಿ ಮಾಡುತ್ತಿದ್ದಳು. ತಾನು ಯಾವಾಗ ಉಣ್ಣಬೇಕೆಂಬುದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಬಹಳ ದಿನ ಒಲೆಯ ಹತ್ತಿರ ನಿಂತೇ ಒಂದು ರೊಟ್ಟಿಯ ಮೇಲೆ ಶೇಂಗಾಹಿಂಡಿ ಹಾಕಿಕೊಂಡು ಮುಗಿಸುತ್ತಿದ್ದಳು.

ಮಾತುಗಳೂ ಅವಳ ಮುಖಾಂತರವೇ ಹೋಗತೊಡಗಿದವು.

"ಅವಳಿಗೆ ಹೇಳು, ನೋಟೀಸಿಗೆ ಉತ್ರ ನಾ ಬರದೀನಿ, ಸಹಿ ಮಾಡಿ ಕಳಸು ಅಂತ."

"ಅವರಿಗೆ ಹೇಳ್ರಿ ಅತ್ತಿ, ಉತ್ರ ನಾನ ಬರದು ಕೊಟ್ಟೀನಿ ಅಂತ."

"ಏನಂತ ಬರದಾಳ ಕೇಳು."

"ಖರೇ ಇದ್ದದ್ದು ಬರದೀನಿ ಅಂತ ಹೇಳ್ರಿ."

ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ಅಕ್ಬರಬಿ ಒಮ್ಮೆ ಇತ್ತ, ಒಮ್ಮೆ ಅತ್ತ ಮುಖ ಮಾಡಿ ಅದನ್ನೇ ಮತ್ತೆ ಹೇಳುತ್ತಿದ್ದಳು. ಹೇಳುವಾಗ ಯಾರದು ಸರಿಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಗಂಡ ಹೇಳಿದರೆ ಗಂಡನದು ಸರಿ ಅನಿಸುತ್ತಿತ್ತು, ಸೊಸೆ ಹೇಳಿದರೆ ಸೊಸೆಯದು.

ಒಂದು ಐತವಾರ ಮಧ್ಯಾಹ್ನ ಸಾಜಿಯಾಳನ್ನೇ ಕೇಳಿದಳು. ಇಬ್ಬರೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದರು.

"ನನಗರೆ ಬಿಡಿಸಿ ಹೇಳವಾ. ಮಂಗ್ಯಾ ಮನಷ್ಯಾ ಆಗೂದು ಯಾರ ನೋಡ್ಯಾರ?"

"ಯಾರೂ ನೋಡಿಲ್ರಿ ಅತ್ತಿ. ಮಂಗ್ಯಾ ಆಗಿಲ್ಲ ಮದ್ಲ. ಮಂಗ್ಯಾಗೂ ನಮಗೂ ಬಾಳ ಹಿಂದ ಒಬ್ರ ಮುತ್ತಜ್ಜ. ನೀವು ನಿಮ್ಮ ಮುತ್ತಜ್ಜನ್ನ ನೋಡೀರೇನು?"

"ಇಲ್ಲ."

"ಇದ್ದಾ ಅಂತ ಹ್ಯಾಂಗ ಗೊತ್ತು?"

"ನಾ ಇದ್ದೇನಲ್ಲ."

"ಇಷ್ಟ ನೋಡ್ರಿ."

ಅಕ್ಬರಬಿಗೆ ಒಂದು ಕ್ಷಣ ಎಲ್ಲ ತಿಳಿದಂತಾಯಿತು. ಸಂಜೆ ಗಂಡನಿಗೆ ಅದನ್ನೇ ಹೇಳಿದಳು. ಅವರು, "ನಿನ್ನ ಮುತ್ತಜ್ಜ ಇದ್ದಾ ಅನ್ನಾಕ ನಿನ್ನ ತವರೂರಾಗ ಹೊಲದ ಉತಾರ ಐತಿ, ಕಬರ ಐತಿ. ಅದು ದಾಖಲಿ" ಎಂದರು. ಅದೂ ಸರಿ ಅನಿಸಿತು. ತಿಳಿದದ್ದೆಲ್ಲ ಮತ್ತೆ ಕಲಸಿಹೋಯಿತು.

ಮಾರ್ಚ್ ಮೊದಲ ವಾರ ವಿಜಯಮಹಾಂತೇಶ ಮನೆಗೆ ಬಂದರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಸಾಜಿಯಾಳ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಜನವರಿಯಲ್ಲಿ ಕಲ್ಯಾಣಮಂಟಪದ ಸನ್ಮಾನ ಇಟ್ಟುಕೊಂಡವರೂ ಅವರೇ. ಸಾಜಿಯಾ ಶಾಲೆಗೆ ಹೋಗಿದ್ದಳು. ಅಕ್ಬರಬಿ ಚುರುಮುರಿ ಸೂಸಲ, ಮಿರ್ಚಿ ಭಜಿ ಮಾಡಿ ತಂದಿಟ್ಟಳು.

"ಸರ್, ನಿಮ್ಮ ಪುಸ್ತಕ ನಾ ಮೂರು ಸಲ ಓದೇನಿ. ನಮ್ಮ ಸಂಸ್ಥಾದಿಂದ ಬರೂ ವರ್ಷ ಲಾ ಕಾಲೇಜು ಶುರು ಮಾಡಾಕತ್ತೇವಿ. ಪರವಾನಗಿ ಬಂತು. ಮದಲ ಪ್ರಿನ್ಸಿಪಾಲ ಅಂದ್ರ ನೀವ ಆಗಬೇಕು. ಬ್ಯಾರೆ ಹೆಸರ ನಾ ಯಾರಿಗೂ ಹೇಳಿಲ್ಲ."

ಸಲಾವುದ್ದೀನರ ಕೈಯಲ್ಲಿದ್ದ ಮಿರ್ಚಿ ಬಾಯಿಗೆ ಹೋಗದೆ ನಿಂತಿತು. ಅಕ್ಬರಬಿ ಬಾಗಿಲ ಮರೆಯಿಂದ ನೋಡಿದಳು. ಇಪ್ಪತ್ತೆಂಟು ವರ್ಷ ಈ ಮನುಷ್ಯ ಆ ಒಂದು ಶಬ್ದಕ್ಕಾಗಿ ಕಾದದ್ದು ಅವಳಿಗೆ ಗೊತ್ತಿತ್ತು.

"ನಮ್ಮ ಸಾಜಿಯಾನ ವಿಚಾರಣಾ..." ಎಂದರು ಸಲಾವುದ್ದೀನರು.

"ಅದೇನು ದೊಡ್ಡದಲ್ಲ ಸರ್. ತಪ್ಪಾತು ಅಂತ ಒಂದು ಚೀಟಿ ಬರದು ಕೊಡ್ಲಿ. ನಾ ಹೇಳಿದ್ದು ನಮ್ಮ ಮಾವನವರ ಪುಸ್ತಕಕ್ಕ ವಿರುದ್ಧ ಐತಿ, ಮಕ್ಕಳು ಮರತಬಿಡ್ರಿ ಅಂತ ಕ್ಲಾಸಿನಾಗ ಒಂದು ಮಾತು ಅನ್ಲಿ. ಮುಗೀತು. ಮನಿಯೊಳಗಿನ ವಿಷಯಲ್ಲ? ನೀವ ತಿಳಿಸಿ ಹೇಳ್ರಿ."

ಅಂದು ಸಂಜೆ ಎರಡು ಸರದಿಯ ಊಟ ಇರಲಿಲ್ಲ. ಎಲ್ಲರೂ ಏಳೂವರೆಗೇ ಕೂತರು, ಯಾಕೆಂದರೆ ಅಸ್ಲಮ್ ಹಾಗೆ ಕೂಡಿಸಿದ. ಮೊಟ್ಟೆ ಸಾರು ಇತ್ತು. ವಿಜಯಮಹಾಂತೇಶರು ಹೇಳಿದ್ದನ್ನೆಲ್ಲ ಸಲಾವುದ್ದೀನರು ಒಂದೂ ಬಿಡದೆ ಹೇಳಿದರು.

"ನೀವೇನಂದ್ರಿ?" ಸಾಜಿಯಾ ಕೇಳಿದಳು. ತಿಂಗಳಾದ ಮೇಲೆ ನೇರ ಕೇಳಿದ ಮೊದಲ ಮಾತು.

"ವಿಚಾರ ಮಾಡಿ ಹೇಳ್ತೇನಿ ಅಂದೆ."

"ಏನ ವಿಚಾರ ಮಾಡೂದೈತ್ರಿ ಅದರಾಗ?"

ಅಸ್ಲಮ್ ನಡುವೆ ಬಾಯಿ ಹಾಕಿದ. "ಒಂದು ಚೀಟಿ ಬರದ್ರ ನಿನ್ನ ಗಂಟೇನ ಹೋಗ್ತೈತಿ ಸಾಜಿಯಾ? ಅಪ್ಪಗ ಪ್ರಿನ್ಸಿಪಾಲರ ಕುರ್ಚಿ ಬರ್ತೈತಿ, ನಿನ್ನ ನೌಕರಿನೂ ಉಳೀತೈತಿ."

"ನೀನೂ ಬೀಜದ ಕಂಪನಿಯೊಳಗ ಅದೀ. ವರ್ಷಾ ಹೊಸಾ ಮೆಣಸಿನಕಾಯಿ ತಳಿ ತಗೀತೀರಿ, ಹುಳಕ್ಕ ಔಷಧ ಹತ್ತವಲ್ದು ಅಂತ ಅಳತೀರಿ. ಹುಳಾ ಯಾಕ ಬದಲಾತು ಅಂತ ನಿಮ್ಮ ಸಾಹೇಬರ್ನ ಕೇಳು. ಅವರೂ ಚೀಟಿ ಬರದು ಕೊಡ್ತಾರೇನು?"

"ಹುಳದ ಮಾತು ಬ್ಯಾರೆ."

"ಹುಳದ ಮಾತು ಬ್ಯಾರೆ, ಮಂಗ್ಯಾನ ಮಾತು ಬ್ಯಾರೆ, ಹೆಂಡ್ತಿ ಮಾತು ಬ್ಯಾರೆ. ನಿಮ್ಮನಿಯೊಳಗ ಎಲ್ಲಾನೂ ಬ್ಯಾರೆನ."

ಅಸ್ಲಮ್ ತಾಟು ಸರಿಸಿ ಎದ್ದ. ಅಕ್ಬರಬಿ, "ತತ್ತಿ ಪೂರಾ ಹಂಗ ಐತಲ್ಲೋ" ಎಂದಳು. ಬೇರೆ ಏನು ಹೇಳಬೇಕೋ ಅವಳಿಗೆ ಹೊಳೆಯಲಿಲ್ಲ. ಪ್ರಿನ್ಸಿಪಾಲನಾಗಿ ಗಂಡ ಕಾರಿನಿಂದ ಇಳಿಯುವುದನ್ನು ನೋಡುವ ಆಸೆ ಅವಳಿಗೂ ಇತ್ತು. ಸೊಸೆ ತಲೆ ತಗ್ಗಿಸಿ ಚೀಟಿ ಬರೆಯುವುದನ್ನು ನೋಡುವ ಮನಸ್ಸು ಇರಲಿಲ್ಲ. ಎರಡೂ ಒಟ್ಟಿಗೆ ಹೇಗಾದೀತೆಂದು ಕೇಳಿದರೆ ಇಬ್ಬರು ಓದಿದವರೂ ರೊಟ್ಟಿ ಮುರಿದುಕೊಂಡರು.

ಸಾಜಿಯಾ ಚೀಟಿ ಬರೆಯಲಿಲ್ಲ. ಮಾರ್ಚ್ ಇಪ್ಪತ್ತಕ್ಕೆ ವಿಚಾರಣೆ ಇಟ್ಟರು. ತನ್ನ ಪರವಾಗಿ ಮಾತಾಡಲು ಒಬ್ಬರನ್ನು ಕರೆತರುವ ಹಕ್ಕು ಅವಳಿಗಿತ್ತು. ಅವಳು ಕೇಳಿದ ಹಾವೇರಿಯ ಇಬ್ಬರು ವಕೀಲರೂ ನದಾಫ ಸರ್ ಅವರ ಶಿಷ್ಯರು, ಗುರುವಿನ ಪುಸ್ತಕದ ವಿರುದ್ಧ ನಿಲ್ಲುವುದು ಹೇಗೆಂದು ಜಾರಿಕೊಂಡರು. ಹಿಂದಿನ ಸಂಜೆ ಸಲಾವುದ್ದೀನರು ಕಪಾಟಿನಿಂದ ಕರಿ ಕೋಟು ತೆಗೆದು ಅಕ್ಬರಬಿಯ ಕೈಗೆ ಕೊಟ್ಟರು.

"ಇಸ್ತ್ರಿ ಮಾಡು. ನಾಳೆ ನಾ ಹೋಗ್ತೇನಿ ಅಂತ ಅಕಿಗೆ ಹೇಳು."

ಅಡಿಗೆಮನೆಯಲ್ಲಿದ್ದ ಸಾಜಿಯಾ ಕೇಳಿಸಿಕೊಂಡಳು. ಬೇಡ ಎನ್ನಲಿಲ್ಲ.

ಮೂವರೂ ಒಂದೇ ಬಸ್ಸಿನಲ್ಲಿ ಹೋದರು. ಅಕ್ಬರಬಿಯನ್ನು ಯಾರೂ ಕರೆದಿರಲಿಲ್ಲ, ತಾನೇ ಚಪ್ಪಲಿ ಮೆಟ್ಟಿ ಬಂದಳು. ಬ್ಯಾಡಗಿಯಲ್ಲಿ ಸುಗ್ಗಿ. ಊರ ತುಂಬ ಮೆಣಸಿನಕಾಯಿಯ ಘಾಟು, ಬಸ್ಸಿಳಿದವರೆಲ್ಲ ಸೀನುತ್ತಿದ್ದರು. ಶಾಲೆಯ ಆಫೀಸಿನಲ್ಲಿ ವಿಜಯಮಹಾಂತೇಶರು, ಹೆಡ್‌ಮಾಸ್ತರರು, ದೂರು ಕೊಟ್ಟ ಮುಸ್ತಾಕ್. ಅಕ್ಬರಬಿ ಹೊರಗೆ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂತಳು. ಕಿಟಕಿ ತೆರೆದಿತ್ತು.

ಮೊದಲ ಅರ್ಧ ತಾಸು ಗಂಡನ ದನಿ ಕೇಳಿ ಅವಳಿಗೆ ಅವರು ಕೋರ್ಟಿಗೆ ಹೋಗುತ್ತಿದ್ದ ಕಾಲ ನೆನಪಾಯಿತು. ಮುಸ್ತಾಕನನ್ನು ಎದ್ದು ನಿಲ್ಲಿಸಿದ್ದರು.

"ನೀವು ಕ್ಲಾಸಿನಾಗ ಇದ್ರೇನು?"

"ಇಲ್ರಿ ಸರ್. ನನ್ನ ಮಗಳು ಹೇಳಿದ್ಲು."

"ಮಗಳು ಏನಂದ್ಲು? ಟೀಚರ್ ದೇವರಿಲ್ಲ ಅಂದ್ರು ಅಂತ ಅಂದ್ಲೇನು?"

"ಹಂಗ ಅಂದಿಲ್ರಿ."

"ಮತ್ತ ದೂರಿನಾಗ ಬರದೀರಲ್ಲ?"

"ಬರದವರು ಬ್ಯಾರೆರಿ. ನಾ ಸಹಿ ಅಷ್ಟ ಮಾಡೇನಿ. ನಿಮ್ಮ ಪುಸ್ತಕ ನೋಡಿ ಮಾಡೇನ್ರಿ."

"ಪುಸ್ತಕ ಓದೀರೇನು?"

"ಮ್ಯಾಲಿನ ಹೆಸರ ಓದೇನ್ರಿ."

ಹೆಡ್‌ಮಾಸ್ತರರು ಕೆಮ್ಮಿ ನಗು ನುಂಗಿದರು. ಅಲ್ಲಿಗೆ ಮುಗಿಯಿತೆಂದೇ ಅಕ್ಬರಬಿ ತಿಳಿದಳು. ಆಗ ವಿಜಯಮಹಾಂತೇಶರು ಮಾತು ತೆಗೆದರು.

"ಸರ್, ಕಾನೂನು ನಿಮ್ಮ ಕಡೆ ಐತಿ, ಒಪ್ಪಿದೆ. ನನ್ನ ಒಂದು ಪ್ರಶ್ನೆಗೆ ಉತ್ರ ಕೊಡ್ರಿ. ಈಕಿ ಮಕ್ಕಳಿಗೆ ಹೇಳಿದ್ದು ಖರೇಯೋ, ಸುಳ್ಳೋ?"

"ಅದು ಈ ವಿಚಾರಣೆಗೆ ಸಂಬಂಧ ಇಲ್ಲ."

"ಐತ್ರಿ. ಖರೇ ಕಲಿಸಿದ್ರ ತಪ್ಪಲ್ಲ, ಸುಳ್ಳು ಕಲಿಸಿದ್ರ ತಪ್ಪು. ನಿಮಗಿಂತ ಹೆಚ್ಚು ತಿಳದವರನ್ನ ನಾ ಎಲ್ಲಿಂದ ತರ್ಲಿ? ನೀವ ಬರದವರು. ಹೌದು ಅನ್ರಿ, ಇಲ್ಲಾ ಅಲ್ಲ ಅನ್ರಿ."

ಅಕ್ಬರಬಿ ಎದ್ದು ಕಿಟಕಿಯಲ್ಲಿ ಇಣುಕಿದಳು. ಗಂಡ ಮೇಜಿನ ಅಂಚು ಹಿಡಿದು ನಿಂತಿದ್ದರು. ಸಾಜಿಯಾ ಅವರನ್ನೇ ನೋಡುತ್ತಿದ್ದಳು.

"ನನಗ ಗೊತ್ತಿಲ್ಲ," ಎಂದರು ಸಲಾವುದ್ದೀನರು.

"ಏನಂದ್ರಿ?"

"ಗೊತ್ತಿಲ್ಲ ಅಂದೆ. ನಾ ಪುಸ್ತಕದಾಗ ಬರದದ್ದು ಬರೇ ಪ್ರಶ್ನೆ. ಉತ್ರ ತೂಗಿ ನೋಡಾಕ ಬೇಕಾದ ವಿದ್ಯಾ ನಾ ಕಲ್ತಿಲ್ಲ, ಈಕಿ ಕಲ್ತಾಳ. ಮಕ್ಕಳಿಗೆ ಇದನ್ನ ಕಲಿಸೋರು ಯಾರು ಅಂದ್ರ, ಈಕಿ. ನಾ ಅಲ್ಲ. ಇದನ್ನ ಹಂಗ ಬರಕೊಳ್ರಿ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಆ ಬಾಯಿಯಿಂದ ಅಕ್ಬರಬಿ ಕೇಳಿರಲಿಲ್ಲ. ಗಂಡ ಗೆದ್ದರೋ ಸೋತರೋ ತಿಳಿಯದೆ ಮತ್ತೆ ಬೆಂಚಿನ ಮೇಲೆ ಕೂತಳು.

ಇನ್ನು ಮುಂದೆ ಪಠ್ಯಕ್ಕಷ್ಟೇ ಸೀಮಿತವಾಗಿರಬೇಕು ಎಂದು ಒಂದು ಸಾಲಿನ ಎಚ್ಚರಿಕೆ ಕೊಟ್ಟು ಸಾಜಿಯಾಳನ್ನು ಬಿಟ್ಟರು. ವಿಜಯಮಹಾಂತೇಶರು ಬಾಗಿಲವರೆಗೆ ಬಂದು ಕೈ ಮುಗಿದರು. ಲಾ ಕಾಲೇಜಿನ ಮಾತು ಎತ್ತಲಿಲ್ಲ, ಆಮೇಲೆಯೂ ಎತ್ತಲಿಲ್ಲ.

ಬಸ್ಸಿನಲ್ಲಿ ಸಾಜಿಯಾ ಮಾವನ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಳು. ಈಗಲಾದರೂ ಇಬ್ಬರೂ ಮಾತಾಡಿ ಮುಗಿಸಬಹುದೆಂದು ಅಕ್ಬರಬಿ ಕಾದಳು. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬಸ್ಸು ನಿಂತಾಗ ಸಾಜಿಯಾ ಮುಂದಕ್ಕೆ ಬಾಗಿದಳು.

"ಮಾಮಾ, ನೀವು ಅಲ್ಲಿ ಹೇಳಿದ್ದು ಸುಳ್ಳು."

ಸಲಾವುದ್ದೀನರು ತಿರುಗಿದರು. "ನಿನ್ನ ನೌಕರಿ ಉಳಿಸೇನಿ ನಾ."

"ಉಳಿಸೀರಿ. ಅದು ಬ್ಯಾರೆ. ಗೊತ್ತಿಲ್ಲ ಅಂದ್ರಲ್ಲ, ಅದು ಸುಳ್ಳು. ನಿಮ್ಮ ಪುಸ್ತಕಾ ಟೈಪ್ ಮಾಡೂಮುಂದ ನಾ ಹನ್ನೊಂದು ಕಡೆ ಪೆನ್ಸಿಲ್ಲಿಲೆ ಉತ್ರ ಬರದು ಕೊಟ್ಟಿದ್ದೆ. ಎಲ್ಲಾ ಓದಿದ್ರಿ. ಎರಡಕ್ಕ ಭೇಷ್ ಅಂತನೂ ಬರದಿದ್ರಿ. ಅಚ್ಚಿನಾಗ ಒಂದೂ ಹಾಕಲಿಲ್ಲ."

"ವಕೀಲಾದಂವ ಎದುರಿನವರ ಸಾಕ್ಷಿನ ತಾನ ತಂದು ನಿಲ್ಲಸಂಗಿಲ್ಲ."

"ನಾ ಎದುರಿನಾಕಿ ಆಗಿದ್ನೇನ್ರಿ ಮಾಮಾ?"

ಸಲಾವುದ್ದೀನರು ಮುಂದಕ್ಕೆ ತಿರುಗಿ ಕೂತರು. ಹಾವೇರಿ ಬರುವವರೆಗೆ ಕೋಟಿನ ಗುಂಡಿಗಳನ್ನು ಹಾಕಿದರು, ತೆಗೆದರು.

ಏಪ್ರಿಲಿನಲ್ಲಿ ಅಸ್ಲಮ್ ರಾಣೆಬೆನ್ನೂರಿನಲ್ಲಿ ಎರಡು ಕೋಣೆಯ ಮನೆ ನೋಡಿದ. ಓಡಾಟ ಕಡಿಮೆಯಾಗುತ್ತದೆ ಎಂದ. ಕಾರಣ ಅದಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಬರಬಿ ಹಾಸಿಗೆ ಕಟ್ಟಿಕೊಟ್ಟಳು, ಉಪ್ಪಿನಕಾಯಿ ಕೊಟ್ಟಳು, ಒಂದು ಹಂಚು ಕೊಟ್ಟಳು.

"ಸಿಟ್ಟೇನವಾ ನಮ್ಮ ಮ್ಯಾಲೆ?"

"ನಿಮ್ಮ ಮ್ಯಾಲೆ ಯಾಕ್ರಿ ಅತ್ತಿ? ಅವರ ಮ್ಯಾಲೆನೂ ಸಿಟ್ಟಿಲ್ಲ. ಅವರ ಎದುರು ಕುಂತ್ರ ಉಣ್ಣಾಕ ಆಗವಲ್ದು."

"ಅದಕ್ಕ ಸಿಟ್ಟು ಅಂತಾರ."

"ಹೌದೇನೋ," ಎಂದು ಸಾಜಿಯಾ ಅತ್ತೆಯ ಹೆಗಲ ಮೇಲೆ ತಲೆ ಇಟ್ಟಳು. ಅಳುತ್ತಿದ್ದಾಳೋ ಇಲ್ಲವೋ ಅಕ್ಬರಬಿಗೆ ಕಾಣಲಿಲ್ಲ.

ಟೆಂಪೊ ಹೊರಟಾಗ ಸಲಾವುದ್ದೀನರು ಬಾಗಿಲಿಗೆ ಬರಲಿಲ್ಲ. ಒಳಗೆ ಪುಸ್ತಕದ ಎರಡನೆಯ ಮುದ್ರಣದ ಕರಡು ಮುಂದಿಟ್ಟುಕೊಂಡು ಕೂತಿದ್ದರು. ಒಂದು ವಾರದ ಮೇಲೆ ಪ್ರಕಾಶಕನ ಫೋನು ಬಂತು. ಬ್ಯಾಡಗಿಯಲ್ಲಿ ನಡೆದ ಮಾತು ಊರೂರಿಗೆ ಹಬ್ಬಿದೆ, ಬರೆದವರೇ ಗೊತ್ತಿಲ್ಲ ಅಂದ ಮೇಲೆ ಕೊಳ್ಳುವವರು ಯಾರು, ಸ್ವಲ್ಪ ದಿನ ತಡೆಯೋಣ ಎಂದ. ಸಲಾವುದ್ದೀನರು, "ನಾನ ಬ್ಯಾಡ ಅನ್ನಾಕ ಫೋನ ಮಾಡಾವಿದ್ದೆ" ಎಂದರು. ಅದು ನಿಜವೋ ಮರ್ಯಾದೆ ಉಳಿಸಿಕೊಳ್ಳಲು ಆಡಿದ ಮಾತೋ ಅಕ್ಬರಬಿಗೆ ತಿಳಿಯಲಿಲ್ಲ. ಬೀಳ್ಕೊಡುಗೆಯ ದಿನ ಕಾಲೇಜಿನವರು ಹಾರ ಹಾಕಿದರು. ಮನೋಹರ ಮಾಸ್ತರರೂ ಬಂದು ಕೈ ಕುಲುಕಿ, "ಇನ್ನ ಮುಂಜಾನೆ ವಾಕಿಂಗಿಗೆ ಬರ್ರಿ" ಎಂದು ಕರೆದರು. ಸಲಾವುದ್ದೀನರು ಹೋಗಲಿಲ್ಲ.

ಜೂನಿನ ಮೊದಲ ಐತವಾರ ಮುಂಜಾನೆ ಅಕ್ಬರಬಿ ಹಾಲು ತರಲು ಹೋಗಿ ಬರುವಷ್ಟರಲ್ಲಿ ಗಂಡ ಮನೆಯಲ್ಲಿರಲಿಲ್ಲ. ಫೋನು ಮೇಜಿನ ಮೇಲಿತ್ತು. ಓಣಿಯ ತುದಿಯವರೆಗೆ ಹೋಗಿ ಬಂದಳು, ಮಸೀದಿಯ ಕಡೆ ಯಾರನ್ನೋ ಕಳಿಸಿದಳು. ಮಧ್ಯಾಹ್ನದ ಅನ್ನ ಆರಿತು. ನಾಲ್ಕು ಗಂಟೆಗೆ ಅವರು ಬಸ್‌ಸ್ಟ್ಯಾಂಡಿನ ಕಡೆಯಿಂದ ನಡೆದು ಬಂದರು, ಬೆವೆತಿದ್ದರು. ಅಂಗಿಯ ಮೇಲೆ ಸಾರಿನ ಕಲೆ.

"ಎಲ್ಲಿ ಹೋಗಿದ್ರಿ? ಹೇಳಿ ಹೋಗಾಕ ಏನಾಗಿತ್ತು?"

"ರಾಣೆಬೆನ್ನೂರಿಗೆ."

ಅಕ್ಬರಬಿಯ ಕೈಯಲ್ಲಿದ್ದ ಸೆರಗು ಕೈಯಲ್ಲೇ ಉಳಿಯಿತು. "ಒಳಗ ಕರಕೊಂಡ್ಲೇನು?"

"ಬಾಗಲ್ದಾಗ ನಿಂದರಿಸಿ ಕೇಳಿದ್ಲು. ಮಾವಾಗಿ ಬಂದೀರೋ, ವಕೀಲಾಗಿ ಬಂದೀರೋ ಅಂತ."

"ನೀವೇನಂದ್ರಿ?"

"ಹಸದು ಬಂದೇನಿ ಅಂದೆ."

"ಮತ್ತ?"

"ಖೀಮಾ ಮಾಡಿದ್ಲು. ಉಂಡಿವಿ. ಆಮ್ಯಾಲೆ ಮೂರು ತಾಸು ಜಗಳಾಡಿದಿವಿ."

"ಯಾ ಅಲ್ಲಾ! ಮತ್ತ ಜಗಳಾನ?"

"ಹೂಂ. ಒಂದು ಪುಸ್ತಕಾ ಕೊಟ್ಟಾಳ ಓದಾಕ. ಬರೂ ಐತವಾರ ಬರ್ರಿ, ಇನ್ನೂ ಮುಗದಿಲ್ಲ ಅಂದಾಳ."

ಅವರು ಕೂತು ಚಪ್ಪಲಿ ಬಿಚ್ಚಿದರು. ಮುಖದಲ್ಲಿ ದಣಿವಿತ್ತು. ಅದರ ಜೊತೆ ಇನ್ನೇನೋ ಇತ್ತು. ನಾಲ್ಕು ತಿಂಗಳಿಂದ ಕಾಣದ್ದು. ಅಕ್ಬರಬಿ ಖುಷಿಪಡಬೇಕೋ ಹೆದರಬೇಕೋ ತಿಳಿಯದೆ ಎದುರಿಗೆ ನಿಂತಳು.

"ಇವತ್ತರೆ ಹೇಳ್ರಿ. ಯಾರದು ಖರೇ?"

"ಇವತ್ತು ಅಕಿದು," ಎಂದರು. "ಒಂದು ಚಹಾ ಮಾಡು."

ಅಕ್ಬರಬಿ ಒಲೆಯ ಮೇಲೆ ನೀರಿಟ್ಟು ಮತ್ತೆ ಹೊರಗೆ ಬಂದಳು.

"ಬರೂ ಐತವಾರ ನಾನೂ ಬರ್ತೇನಿ."

"ಬಾ. ಆದ್ರ ನಮ್ಮ ಮಾತು ನಿನಗ ತಿಳಿಯಂಗಿಲ್ಲ."

"ನಿಮ್ಮಿಬ್ರಿಗೆ ತಿಳದಿದ್ರ ಜಗಳಾ ಇವತ್ತ ಮುಗೀತಿತ್ತು," ಎಂದಳು ಅಕ್ಬರಬಿ. "ನಾನೂ ಬರ್ತೇನಿ, ಮೂರು ಮಂದಿ ಆಗ್ತೇವಿ."

ಸಲಾವುದ್ದೀನರು ಸಾಜಿಯಾ ಕೊಟ್ಟ ಪುಸ್ತಕ ತೆರೆಯುವಷ್ಟರಲ್ಲೇ ಒಳಗೆ ನೀರು ಕುದಿಯುವ ಸದ್ದಾಯಿತು.